ಮುಂದಿನ ಸೀಟು

ಹೊಸ ಶಾಲನ್ನು ಪ್ಲಾಸ್ಟಿಕ್ ಕವರಿನಿಂದ ಹೊರತೆಗೆದಾಗ ಗಂಜಿ ಹಾಕಿದ ಬಟ್ಟೆಯ ವಾಸನೆಯೊಂದು ಬರುತ್ತದೆ. ಮೊನ್ನೆ ನಾನು ಕಲಿಸುವ ಮೂಡುಬಿದಿರೆಯ ಶಾಲೆಯಲ್ಲಿ ಮಕ್ಕಳ ಸುರಕ್ಷತೆಯ ಕಾರ್ಯಕ್ರಮವಿತ್ತು. ಸನ್ಮಾನದ ಶಾಲನ್ನು ಹರಿವಾಣದಲ್ಲಿಡುವ ಕೆಲಸ ನನ್ನ ಪಾಲಿಗೆ ಬಂತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಶಾಲನ್ನು ಮೇಜಿನ ಮೇಲೆ ಬಿಟ್ಟೆ. ಕಿಟಕಿಯ ಬಳಿ ಹೋಗಿ ನಿಂತೆ. ಹಾಗೆ ನಿಂತಾಗ ನೆನಪಾದದ್ದು ನನ್ನ ಗಣಿತದ ಟೀಚರ್...

ನಮ್ಮ ಕಡೆ ಸನ್ಮಾನವಿಲ್ಲದೆ ಯಾವ ಕಾರ್ಯಕ್ರಮವೂ ಮುಗಿಯುವುದಿಲ್ಲ. ನೀರಿನ ಟ್ಯಾಂಕು ಕೊಟ್ಟವರಿಗೊಂದು ಶಾಲು, ಬಾವಿಯ ಕೆಸರು ತೆಗೆಸಿದವರಿಗೊಂದು ಶಾಲು. ನಾನು ಆರನೇ ಕ್ಲಾಸಿನಲ್ಲಿದ್ದಾಗ, ವಾಮದಪದವಿನ ಹತ್ತಿರದ ನಮ್ಮ ಶಾಲೆಗೂ ಮಕ್ಕಳ ರಕ್ಷಣೆಯ ಬಗ್ಗೆ ತಿಳಿಸಲು ಬಂಟ್ವಾಳದಿಂದ ಒಬ್ಬರು ಬಂದಿದ್ದರು. ಬೊಂಬೆ ಹಿಡಿದು, ಎಲ್ಲೆಲ್ಲಿ ಯಾರೂ ಮುಟ್ಟಬಾರದು ಎಂದು ತೋರಿಸಿದರು. ಬೇಡ ಎನ್ನಿ, ಓಡಿ ಹೋಗಿ, ದೊಡ್ಡವರಿಗೆ ಹೇಳಿ ಎಂದು ಹೇಳಿಕೊಟ್ಟರು. ನಾವು ಮಗ್ಗಿಯಂತೆ ಒಂದೇ ರಾಗದಲ್ಲಿ ಒಪ್ಪಿಸಿದೆವು.

ಅದಾದ ಮೇಲೆ ಸನ್ಮಾನ. ಬಡವರ ಮಕ್ಕಳನ್ನು ಪುಕ್ಕಟೆಯಾಗಿ ಶಾಲೆಗೆ ಕರೆತರುತ್ತಿದ್ದ ವ್ಯಾನಿನ ಮಾಲಕನಿಗೆ. ಶಾಲಿನ ಹರಿವಾಣ ಹಿಡಿಯಲು ಆರಿಸಿದ್ದು ನನ್ನನ್ನು. ಅವನೇ ಓಡಿಸುತ್ತಿದ್ದ ಆ ವ್ಯಾನಿನ ಮುಂದಿನ ಸೀಟಿನಲ್ಲಿ ಅವನ ಪಕ್ಕ ಕೂರುತ್ತಿದ್ದವಳು ನಾನೇ. ಕೂರುತ್ತಿದ್ದೆ ಎಂದರೆ ತಪ್ಪು, ಅವನು ಕೂರಿಸುತ್ತಿದ್ದ. ಸಂಜೆ ಎಲ್ಲರೂ ಇಳಿದ ಮೇಲೆ ಕೊನೆಗೆ ಉಳಿಯುವುದು ನಾನೊಬ್ಬಳೇ. ಬೊಂಬೆಯ ಮೇಲೆ ತೋರಿಸಿದ್ದು ನನಗೆ ಹೊಸ ಪಾಠವಾಗಿರಲಿಲ್ಲ.

ವೇದಿಕೆಯ ಮೆಟ್ಟಿಲ ಬಳಿ ನಾನು ನಿಂತುಬಿಟ್ಟೆ. ಹರಿವಾಣ ವಾಲಿ ಶಾಲು ಮಣ್ಣಿಗೆ ಬಿತ್ತು. ಎಲ್ಲರೂ ನಕ್ಕರು. ಹೆಡ್ಮಾಷ್ಟ್ರು ಕಣ್ಣು ಬಿಟ್ಟರು. ಪಾಪ, ಮಗುವಿಗೆ ನಾಚಿಕೆ ಎಂದು ಅವನೂ ನಕ್ಕ. ಗಣಿತದ ಟೀಚರ್ ಮಾತ್ರ ನಗಲಿಲ್ಲ.

ಅವರು ನಗುವ ಪೈಕಿಯೇ ಅಲ್ಲ ಬಿಡಿ. ಮಹಾ ಸಿಡುಕಿ. ಲೆಕ್ಕ ತಪ್ಪಿದರೆ ಡಸ್ಟರನ್ನು ಮೇಜಿಗೆ ಕುಟ್ಟಿ, ತಲೆಯಲ್ಲಿ ಸೆಗಣಿ ಉಂಟಾ ಎಂದು ಕೇಳುವವರು. ಅವರು ರಜೆ ಹಾಕಿದ ದಿನ ನಮಗೆ ಹಬ್ಬ. ಅಂಥವರು ಆ ಸಂಜೆ ಕೊಡೆ ಹಿಡಿದುಕೊಂಡು ಬಂದು ವ್ಯಾನಿನ ಮುಂದಿನ ಬಾಗಿಲು ತೆರೆದರು.

"ನೀನು ಹಿಂದೆ ಹೋಗು. ಹಿಂದೆ ಕೂತರೆ ನನಗೆ ವಾಂತಿ ಬರ್ತದೆ."

ಅವರ ಮನೆಯಿದ್ದದ್ದು ಗುರುವಾಯನಕೆರೆಯಲ್ಲಿ, ನಮ್ಮ ದಾರಿಗೆ ತದ್ವಿರುದ್ಧ. ಅವನು ವಿಚಾರಿಸಿದ್ದಕ್ಕೆ, ಅಕ್ಕನಿಗೆ ಹುಷಾರಿಲ್ಲ, ಇನ್ನು ಸ್ವಲ್ಪ ದಿನ ಆ ಕಡೆಗೇ ಎಂದರು. ಅವರಿಗೆ ಅಕ್ಕನೇ ಇರಲಿಲ್ಲ ಎಂಬುದು ಎಷ್ಟೋ ಸಮಯದ ನಂತರ ನನಗೆ ಗೊತ್ತಾಯಿತು. ಮಾರನೆಯ ದಿನವೂ ಬಂದರು, ಅದರ ಮಾರನೆಯ ದಿನವೂ. ನಾನು ಇಳಿದು ಮನೆಯ ಅಂಗಳ ಸೇರುವವರೆಗೆ ಸೀಟು ಬಿಟ್ಟು ಏಳುತ್ತಿರಲಿಲ್ಲ. ಮಳೆಗಾಲ ಕಳೆದು ಚಳಿ ಬಂದರೂ ಅಕ್ಕನಿಗೆ ಗುಣವಾಗಲಿಲ್ಲ. ಟೀಚರ್ ನನ್ನಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಲೆಕ್ಕ ತಪ್ಪಿದರೆ ಬೈಯುವುದನ್ನೂ ಬಿಡಲಿಲ್ಲ.

ಒಂದು ಸಂಜೆ ನಾನಿಳಿದಾಗ ಅವರೂ ಇಳಿದರು. ವ್ಯಾನು ತಿರುಗಿ ಹೋದ ಮೇಲೆ, ರಸ್ತೆಯ ಬದಿಯಲ್ಲಿ, ನಾನಾಗಿಯೇ ಹೇಳಿದೆ. ಕಾರ್ಯಕ್ರಮದಲ್ಲಿ ಒಪ್ಪಿಸಿದ ಕನ್ನಡದ ವಾಕ್ಯಗಳು ಬಾಯಿಗೆ ಬರಲೇ ಇಲ್ಲ. ಮನೆಯ ತುಳುವಿನಲ್ಲಿ, ಅಳುತ್ತಾ, ಅರ್ಧಂಬರ್ಧ ಹೇಳಿದೆ. ಶಾಲೆಯಲ್ಲಿ ತುಳು ಮಾತಾಡಿದರೆ ಗದರುತ್ತಿದ್ದ ಟೀಚರ್, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ ಎಂದು ಅವತ್ತು ತುಳುವಿನಲ್ಲೇ ಹೇಳಿದರು. ನನ್ನ ಚೀಲವನ್ನು ತಾವೇ ಹೆಗಲಿಗೆ ಹಾಕಿಕೊಂಡು ನಮ್ಮ ಮನೆಯ ಕಡೆಗೆ ನಡೆದರು.

ಅಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಟೀಚರ್ ಹೇಳಿದ್ದನ್ನೆಲ್ಲ ಕೇಳಿ, ಮಡಿಲಿನಲ್ಲಿದ್ದ ಎಲೆಯ ತಡ್ಪೆಯನ್ನು ಬದಿಗಿಟ್ಟರು.

"ನಾಳೆ ಇವಳಿಗೆ ಮದುವೆ ಆಗ್ಬೇಕಲ್ಲ ಟೀಚರ್?"

"ಮದುವೆಯದ್ದು ಮತ್ತೆ ನೋಡುವ ಅಕ್ಕ. ಮೊದಲು ಇವಳಿಗೆ ನಿದ್ದೆ ಬರ್ಲಿ."

ಟೀಚರ್ ಪೊಲೀಸರಿಗೆ ದೂರು ಕೊಟ್ಟರು. ಅವನನ್ನು ಹಿಡಿದರು, ಅವನು ಜಾಮೀನಿನಲ್ಲಿ ಹೊರಗೆ ಬಂದ. ಊರವರ ಸಿಟ್ಟೆಲ್ಲ ತಿರುಗಿದ್ದು ಟೀಚರ ಮೇಲೆ. ಪುಕ್ಕಟೆ ವ್ಯಾನು ನಿಂತುಹೋಯಿತಲ್ಲ! ಶಾಲೆಯ ಹೆಸರು ಕೆಟ್ಟಿತು ಎಂದು ಹೆಡ್ಮಾಷ್ಟ್ರು ಮಾತು ಬಿಟ್ಟರು. ಕೋರ್ಟಿನಲ್ಲಿ ಸಾಕ್ಷಿ ಹೇಳುವ ದಿನ ಬಂದಾಗ, ಏನೂ ಆಗಿಲ್ಲ ಎನ್ನಲು ಕಲಿಸಿಯೇ ಅಪ್ಪ ನನ್ನನ್ನು ಕರೆದುಕೊಂಡು ಹೋದರು. ಅದನ್ನೂ ಮಗ್ಗಿಯಂತೆ ಒಪ್ಪಿಸಿದೆ. ಅಪ್ಪನ ಮೇಲೆ ನನಗೆ ಈಗಲೂ ಸಿಟ್ಟಿದೆ. ಹೊರಗಿನ ಬೆಂಚಿನಲ್ಲಿ ಟೀಚರ್ ಒಬ್ಬರೇ ಕೂತಿದ್ದರು. ಬೈಯುತ್ತಾರೆ ಅಂದುಕೊಂಡೆ. ನನ್ನ ತಲೆ ಸವರಿ, ಊಟ ಆಯಿತಾ ಎಂದು ಕೇಳಿದರು.

ಕೇಸು ಬಿದ್ದುಹೋಯಿತು. ಅವನು ಈಗಲೂ ಬೇರೆ ಯಾವುದೋ ಊರಿನಲ್ಲಿ ಗಾಡಿ ಓಡಿಸುತ್ತಾನಂತೆ. ಟೀಚರಿಗೆ ಕಕ್ಕಿಂಜೆಯ ಕಡೆಗೆ ವರ್ಗವಾಯಿತು. ಅಲ್ಲಿಯೂ ಸಂಜೆ ಮಕ್ಕಳ ಜೀಪಿನಲ್ಲಿ ಮುಂದೆ ಕೂತು ಹೋಗುತ್ತಿದ್ದರು ಎಂದು ಯಾರೋ ಹೇಳಿದ್ದರು... ಒಮ್ಮೆ ಹೋಗಿ ಮಾತಾಡಿಸಬೇಕು ಎಂದುಕೊಳ್ಳುತ್ತಲೇ ಇದ್ದೆ. ಕಳೆದ ಮಳೆಗಾಲದಲ್ಲಿ ತೀರಿಹೋದರು. ನನಗೆ ಸುದ್ದಿ ತಲುಪುವಾಗ ಉತ್ತರಕ್ರಿಯೆಯೂ ಮುಗಿದಿತ್ತು.

ಮೊನ್ನೆಯ ಶಾಲು ನಮ್ಮ ಶಾಲೆಯ ವ್ಯಾನಿನ ಡ್ರೈವರಿಗೆ. ಒಳ್ಳೆಯವನೇ ಇರಬೇಕು. ಹೆಚ್ಚಿನವರು ಒಳ್ಳೆಯವರೇ. ಹರಿವಾಣವನ್ನು ಮಾತ್ರ ಮಕ್ಕಳ ಕೈಗೆ ಕೊಡಲಿಲ್ಲ, ನಾನೇ ಹಿಡಿದೆ. ಸಂಜೆ ವ್ಯಾನಿನ ಹತ್ತಿರ ಹೋದೆ. ನನ್ನ ಮನೆ ಆ ದಾರಿಯಲ್ಲಿಲ್ಲ. ಮುಂದಿನ ಸೀಟಿನಲ್ಲಿ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಬ್ಯಾಗು ತಬ್ಬಿಕೊಂಡು ಕೂತಿದ್ದಳು.

"ನೀನು ಹಿಂದೆ ಹೋಗು ಮಗಾ," ಎಂದೆ. "ಹಿಂದೆ ಕೂತರೆ ನನಗೆ ವಾಂತಿ ಬರ್ತದೆ."

ಅವಳು ನನ್ನ ಮುಖವನ್ನೊಮ್ಮೆ ನೋಡಿ ತಟ್ಟನೆ ಇಳಿದು ಹಿಂದಕ್ಕೆ ಓಡಿದಳು. ಗೆಳತಿಯರ ಜೊತೆ ಕೂರುವ ಖುಷಿಯೋ, ಬೇರೇನೋ, ನನಗೆ ತಿಳಿಯಲಿಲ್ಲ. ಮೊದಲ ದಿನ ಟೀಚರಿಗೂ ತಿಳಿದಿರಲಿಕ್ಕಿಲ್ಲ. ಕೇಳುವ ಎಂದರೆ ಅವರಿಲ್ಲ. ನಾಳೆಯೂ ಹತ್ತಬೇಕು.