ಮಜೀದ್ ಸಾಬರ ತಗಡಿನ ತಮ್ಮ

ಮದ್ದೂರಿನ ಪೇಟೆಯಲ್ಲಿ ಗಡಿಯಾರ, ಗ್ರಾಮಫೋನು ರಿಪೇರಿ ಮಾಡುವ ಮಜೀದ್ ಸಾಬರಿಗೆ ಹೆಂಡತಿ ತೀರಿಕೊಂಡ ಮೇಲೆ ಮಾತಿಗೆ ಯಾರೂ ಇರಲಿಲ್ಲ. ಅದಕ್ಕೇ ಸೀಮೆಎಣ್ಣೆ ಡಬ್ಬಗಳನ್ನು ಬಡಿದು ಒಬ್ಬ ತಮ್ಮನನ್ನೇ ಮಾಡಿಕೊಂಡರು. ಬೆನ್ನಿನ ಕೀಲಿ ತಿರುಗಿಸಿದರೆ ಸಾಕು, ತಗಡಿನ ತಮ್ಮ ಗಂಭೀರವಾಗಿ ತಲೆಯಾಡಿಸುತ್ತಿದ್ದ. ಸಾಬರು ಅವನ ಮುಂದೆಯೂ ಒಂದು ಲೋಟ ಚಾ ಇಟ್ಟು, 'ಇವತ್ತು ಬಿಸ್ಲು ಜಾಸ್ತಿ ಅಲ್ವೇನ್ಲಾ?' ಎಂದು ಕೇಳಿ, ಅವನು ತಲೆಯಾಡಿಸಿದ ಮೇಲೆ ಎರಡೂ ಲೋಟ ತಾವೇ ಕುಡಿಯುತ್ತಿದ್ದರು. ಆಗ ನಡೆಯುತ್ತಿದ್ದ ಮಹಾಯುದ್ಧ ಬೇಗ ಮುಗಿಯುತ್ತದೆಯೇ ಎಂದು ಕೇಳಿ, ಅವನ ತಲೆಯಾಟದಲ್ಲೇ ಹೂಂ ಅನ್ನಿಸಿಕೊಳ್ಳಲು ಪೇಟೆಯವರೂ ಬರತೊಡಗಿದರು. 'ಇವನ್ಗೆ ಮಾತ್ಯಾಕೆ ಕೊಡ್ನಿಲ್ಲ ಸಾಬ್ರೇ?' ಎಂದರೆ, 'ಮಾತಾಡೋರು ಊರ್ ತುಂಬ ಅವ್ರೆ, ಕೇಳೋರು ಬೇಕಲ್ಲ' ಎನ್ನುವರು. ಮೊಸರು ಮಾರುವ ಮಾಯಮ್ಮ ಮಾತ್ರ, 'ತಗಡ್ಗೆ ಯಾರಾದ್ರೂ ಚಾ ಕೊಟ್ಟಾರಾ!' ಎಂದು ಬಿದ್ದುಬಿದ್ದು ನಗುತ್ತಿದ್ದಳು. ಒಂದು ಮಧ್ಯಾಹ್ನ ಸಾಬರು ನಮಾಜು ಮುಗಿಸಿ ಬಂದರೆ, ಅದೇ ಮಾಯಮ್ಮ ಮೊಸರಿನ ಮಡಕೆ ಇಳಿಸಿ, ತಾನೇ ಕೀಲಿ ಕೊಟ್ಟು, ತೀರಿಹೋದ ಮಗಳ ಚೇಷ್ಟೆಗಳನ್ನು ತಗಡಿನ ತಮ್ಮನಿಗೆ ಹೇಳುತ್ತಿದ್ದಳು. ಅಷ್ಟರಲ್ಲಿ ಕೀಲಿ ಮುಗಿದು ತಲೆ ನಿಂತಿತು. 'ಇನ್ನೂ ಐತೆ, ಕೇಳಪ್ಪಾ!' ಎಂದು ಗದರಿದಳು. ಸಾಬರು ಒಳಗೆ ಬಂದು ಎದುರಿಗೆ ಕುಳಿತು, 'ನನ್ಗೇ ಯೋಳು ಮಾಯಮ್ಮ' ಎಂದರು. ನಾಚಿಕೊಂಡು ಎದ್ದು ಹೊರಟವಳು ಬಾಗಿಲಲ್ಲೇ ನಿಂತು, 'ಒಂದ್ಸಲ ಈ ಮಡ್ಕೆಗೇ ತಲೆ ತೂರ್ಸ್ಬುಟ್ಟಿದ್ಲು ಕಣ್ ಸಾಬ್ರೇ' ಎಂದಳು; ಇಬ್ಬರ ನಗುವೂ ಬೀದಿಗೆಲ್ಲ ಕೇಳಿಸಿತು.