ಟೈಮಿಂಗ್ ಬೆಲ್ಟ್ ತುಂಡಾದ ದಿನ

ನಾನು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಗಿನ ಮಾತು. ಶಾಗ್ಯದ ನೆಂಟರ ಮನೆಯಿಂದ ಕೊಳ್ಳೇಗಾಲಕ್ಕೆ ಹೊರಟ ಅಪ್ಪನ ಹಳೆಯ ಕಾರು ಊರಾಚೆ ನಿಂತುಹೋಯಿತು. ಅಪ್ಪ ಕೀ ತಿರುಗಿಸಿದರೆ ಇಂಜಿನ್ನು ಎಂದಿಗಿಂತ ಹಗುರವಾಗಿ ಸುತ್ತುತ್ತಿತ್ತೇ ಹೊರತು ಸ್ಟಾರ್ಟ್ ಆಗುತ್ತಿರಲಿಲ್ಲ. ಪಿಸ್ಟನ್ನಿಗೂ ವಾಲ್ವಿಗೂ ತಾಳ ಹೊಂದಿಸುವ ಟೈಮಿಂಗ್ ಬೆಲ್ಟ್ ತುಂಡಾಗಿರಬೇಕು ಎಂದು ನನಗೆ ಎನಿಸಿತು.

ಅಷ್ಟರಲ್ಲಿ ಹೊಲದಿಂದ ಬರುತ್ತಿದ್ದ ಕೆಲವರು ಕಾರಿನ ಹಿಂದೆ ಸೇರಿದರು. "ಗೇರ್ ಆಕ್ಕಂಡು ಕೂತ್ಕಳಿ ಸಾ, ತಳ್ಬುಡ್ತೀವಿ!"

ಅಪರಿಚಿತರ ಮುಂದೆ ಬಾಯಿ ಬಿಡದ ನಾನು "ತಳ್ಳಬೇಡಿ!" ಎಂದು ಕೂಗಿಬಿಟ್ಟೆ.

"ಯಾಕವ್ವಾ, ನಾವ್ ತಳ್ಳುದ್ರೆ ಸವ್ದೋದದಾ ಕಾರು?" ಎಂದು ಒಬ್ಬರು ನಕ್ಕರು.

ಬೆಲ್ಟ್ ಇಲ್ಲದಾಗ ತಳ್ಳಿದರೆ ಕೆಲವು ಇಂಜಿನ್‌ಗಳಲ್ಲಿ ಪಿಸ್ಟನ್ ಮೇಲೆ ಬಂದು ತೆರೆದ ವಾಲ್ವ್‌ಗೆ ಬಡಿದು ಅದನ್ನು ಬಗ್ಗಿಸುತ್ತದೆ ಎಂದು ಅಪ್ಪನಿಗೆ ವಿವರಿಸಿದೆ. ಹಾಗಾದರೆ ಆ ಹಳೆಯ ಕಾರಿಗೆ ಗುಜರಿಯೇ ಗತಿ. ಅಪ್ಪ ರೇಷ್ಮೆ ಮಗ್ಗದವರು. "ಲಾಳಿ ಇನ್ನೂ ಎಳೆಗಳ್ ಒಳ್ಗಿರುವಾಗ್ಲೇ ಎಳೆ ಒತ್ತೋ ಅಣಿಗೆ ಬಂದ್ ಬಡ್ದಂಗೆ ಅನ್ನು" ಎಂದು ಕೀಯಿಂದ ಕೈ ತೆಗೆದರು.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಕೊಳ್ಳೇಗಾಲಕ್ಕೆ ಎಳೆಸಿದೆವು. ಮೆಕ್ಯಾನಿಕ್ ಬಿಚ್ಚಿ ನೋಡಿದರು. ಬೆಲ್ಟ್ ತುಂಡಾಗಿದ್ದು ನಿಜ. "ಆದ್ರೆ ಈ ಇಂಜಿನ್ನಲ್ಲಿ ಪಿಸ್ಟನ್ನು ವಾಲ್ವು ಒಂದಕ್ಕೊಂದು ತಾಕಕಿಲ್ಲ ಸಾ. ಯಳಂದೂರ್‌ಗಂಟ ತಳ್ಳಿದ್ರೂ ಏನೂ ಆಯ್ತಿರ್ನಿಲ್ಲ."

ಹೊಸ ಬೆಲ್ಟ್ ಹಾಕಿಸಿಕೊಂಡು ಕಾರು ಇನ್ನೂ ಕೆಲವು ವರ್ಷ ಓಡಿತು. ಈಗ ಅದು ನಮ್ಮ ಬಳಿ ಇಲ್ಲ. ಆದರೂ ಮನೆಗೆ ಯಾರೇ ಬರಲಿ, ಅಪ್ಪ ಶುರು ಮಾಡುತ್ತಾರೆ: "ಅವತ್ತು ಇವ್ಳು ಕೂಗ್ದೆ ಇದ್ದಿದ್ರೆ ಇಂಜಿನ್ನೇ ಓಗ್ಬುಡ್ತಿತ್ತು."

ಮೆಕ್ಯಾನಿಕ್ ಹೇಳಿದ್ದನ್ನು ಅವರೂ ಕೇಳಿದ್ದರು. ನಾನು ತಿದ್ದಲು ಹೋಗುವುದಿಲ್ಲ.