ಅಳಿಸದೆ ಉಳಿದ ಬಳ್ಳಿ

ಬೀದರದ ಚಿದ್ರಿಯ ಜನಕ್ಕೆ ಧೊಂಡಿಬಾ ಅಂದರೆ ಬಾಯಿ ಬಿಗಿದುಕೊಂಡ ಮನುಷ್ಯ. ಬಿದರಿ ಪಾತ್ರೆಯ ಮೇಲೆ ಹೂಬಳ್ಳಿ ಬರೆಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ ಎಂದು ಎಲ್ಲರೂ ಒಪ್ಪುತ್ತಾರೆ. ಆದರೆ ಆ ಹೊಗಳಿಕೆಗೆ ‘ಸೊಕ್ಕು ಬಹಳ’ ಎಂದು ಬಾಲ ಅಂಟಿಸದೆ ಬಿಡುವುದಿಲ್ಲ. ಸೊಕ್ಕಂತೆ! ಮಾತಾಡಬೇಕೆನಿಸಿದವರು ಯಾರೂ ಉಳಿಯದಿದ್ದರೆ ಗೋಡೆಯ ಜೊತೆ ಹರಟೆ ಹೊಡೆಯಬೇಕಿತ್ತೇನು? ಅವನು ಹೀಗೆ ಒಬ್ಬನೇ ಆದದ್ದು ನಿಜಾಮನ ರಾಜ್ಯದ ಮೇಲೆ ಪೊಲೀಸ್ ಕಾರ್ಯಾಚರಣೆ ನಡೆದ ವರ್ಷ. ಅದಕ್ಕೆ ಮೊದಲು ಅವನಿಗೂ ಕಲಿಸಲು ಗುರುವಿದ್ದ, ಬೈಯಲು ಅಪ್ಪನಿದ್ದ, ಕಿಚಾಯಿಸಲು ಜೊತೆಗಾರನಿದ್ದ.

ಹುಟ್ಟಿದ್ದು ಭಾಲ್ಕಿ ಹತ್ತಿರದ ಖಟಕ ಚಿಂಚೋಳಿಯಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಕುರಿ ಮೇಯಿಸಲು ಕಳಿಸಿದರೆ ಬಂಡೆಯ ಮೇಲೆ ಇದ್ದಿಲಿನಿಂದ ಬಳ್ಳಿ ಎಳೆಯುತ್ತ ಕೂರುವನು. ಇತ್ತ ಕುರಿಗಳು ಯಾರದೋ ಜೋಳದೊಳಗೆ ನುಗ್ಗಿರುತ್ತಿದ್ದವು. ಊರವರಿಂದ ಉಗಿಸಿಕೊಂಡು ಉಗಿಸಿಕೊಂಡು ಅಪ್ಪ ಹಣಮಂತಪ್ಪನಿಗೆ ಸಾಕಾಗಿ ಹೋಯಿತು.

“ಕುರಿ ಕಾಯಾಕ ನಿನಗ ಬರೂದಿಲ್ಲ. ಗೀಚೂದೇ ನಿನ್ನ ಹಣೀಬರಹ ಆದ್ರ ಬೀದರದಾಗ ಕುಂತು ಗೀಚು,” ಎಂದವನೇ ಕರೆತಂದು ಫಕ್ರೋದ್ದೀನ ಉಸ್ತಾದರ ಕಾರಖಾನೆಗೆ ಬಿಟ್ಟುಹೋದ. ಉಸ್ತಾದರ ಹೆಂಡತಿ ಖತೀಜಾ ಬೇಗಂ ಮಗಳೊಬ್ಬಳನ್ನು ಬಿಟ್ಟರೆ ಬೇರೆ ಮಕ್ಕಳನ್ನು ಕಂಡವಳಲ್ಲ. ಇವನು ‘ಅಮ್ಮಾ’ ಅಂದ. ಆಕೆ ‘ಬೇಟಾ’ ಅಂದಳು. ಅಲ್ಲಿಗೆ ಅವನು ಮನೆಯವನೇ ಆದ.

ಕಲಿಕೆ ಮಾತ್ರ ತಾಯಿಯ ಪ್ರೀತಿಯಷ್ಟು ಸಲೀಸಾಗಿರಲಿಲ್ಲ. ಸತು, ತಾಮ್ರ ಕೂಡಿಸಿ ಎರಕ ಹೊಯ್ದ ಪಾತ್ರೆಗೆ ಮೈಲುತುತ್ತದ ನೀರು ಸವರಿದರೆ ಮೈ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಉಕ್ಕಿನ ಮೊನೆಯಿಂದ ಗೀರಿದರೆ ಬಿಳಿ ಗೆರೆ ಮೂಡುತ್ತದೆ. ಚಿತ್ರ ಒಪ್ಪಿಗೆಯಾದರೆ ಜೊತೆಯ ಕೆಲಸಗಾರ ಅಯ್ಯುಬ ಉಳಿ ಹಿಡಿದು ಅದೇ ಗೆರೆಯನ್ನು ಕೊರೆಯುತ್ತಾನೆ, ಕೊರೆದಲ್ಲಿ ಬೆಳ್ಳಿಯ ತಂತಿ ಕೂರುತ್ತದೆ. ಒಪ್ಪಿಗೆಯಾಗದಿದ್ದರೆ ಉಸ್ತಾದರು ಬಟ್ಟೆಯನ್ನು ಮೈಲುತುತ್ತದ ನೀರಿನಲ್ಲಿ ಅದ್ದಿ ಒಮ್ಮೆ ಸವರುವರು. ದಿನವಿಡೀ ಬೆನ್ನು ಬಾಗಿಸಿ ಬರೆದದ್ದೆಲ್ಲ ಕಪ್ಪಿನಲ್ಲಿ ಮುಳುಗುವುದು.

ತಪ್ಪು ಎಲ್ಲಿದೆ ಎಂದು ಉಸ್ತಾದರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು, ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತ, ಬಳ್ಳಿಯ ಉದ್ದಕ್ಕೂ ಬೆರಳು ನಡೆಸುವರು. ಬೆರಳು ಎಲ್ಲೋ ತಡೆಯುವುದು, ಕೈ ಬಟ್ಟೆಯ ಕಡೆ ಹೋಗುವುದು. ಆ ಕಾರಖಾನೆಯಲ್ಲಿ ಇನ್ನೊಂದು ಕಟ್ಟಳೆ ಇತ್ತು. ಕಲಿಯುವವನ ಗೀರನ್ನು ಉಸ್ತಾದರಲ್ಲದೆ ಮತ್ತಾರೂ ಅಳಿಸಕೂಡದು, ಬರೆದವನು ಕೂಡ.

“ಎಲ್ಲಿ ತಪ್ಪೇನ್ರಿ ಉಸ್ತಾದರ?” ಎಂದು ಧೊಂಡಿಬಾ ಕೇಳಿದರೆ, “ನನ್ನ ಯಾಕ ಕೇಳ್ತಿ ಬೇಟಾ? ಬಳ್ಳೀನ ಕೇಳು,” ಎನ್ನುವರು. ಅಯ್ಯುಬ ಮೂಲೆಯಲ್ಲಿ ಕೂತು ಕಿಸಕ್ಕನೆ ನಗುವನು. “ಎಷ್ಟು ವರ್ಸ ಆತೋ ನೀ ಬಂದು? ನಿಂದೊಂದು ಎಲೀನೂ ಇನ್ನಾ ನನ್ನ ಉಳೀತನಾ ಬಂದಿಲ್ಲ!”

ಮೀಸೆ ಬಂದರೂ ಧೊಂಡಿಬಾನ ಒಂದು ಗೆರೆಯೂ ಬೆಳ್ಳಿಯಾಗಲಿಲ್ಲ. ಆ ಹೊತ್ತಿಗೆ ನಾಡು ಕೆಟ್ಟು ಕೂತಿತ್ತು. ನಿಜಾಮನ ಪರ ನಿಂತ ರಜಾಕಾರರ ಹೆದರಿಕೆಗೆ ಹಳ್ಳಿಯ ಜನ ಗಂಟುಮೂಟೆ ಕಟ್ಟುತ್ತಿದ್ದರು. ಹಣಮಂತಪ್ಪ ಬಂದು ಕರೆದ, ಗದರಿದ, ಕೈ ಹಿಡಿದು ಎಳೆದ. ಮಗ ಜಗ್ಗಲಿಲ್ಲ. ಆಗ ಅವನ ಕೈಯಲ್ಲಿ ಒಂದು ಸುರಾಹಿ ಇತ್ತು. ದುಂಡು ಹೊಟ್ಟೆಯ ಆ ನೀರಿನ ಹೂಜಿಯ ಸುತ್ತ ಒಂದೇ ಬಳ್ಳಿಯನ್ನು ಕಡಿಯದೆ ಹಬ್ಬಿಸುತ್ತಿದ್ದ. ಈ ಸಲ ಉಸ್ತಾದರು ಒಪ್ಪಿಯೇ ಒಪ್ಪುತ್ತಾರೆ ಎಂದು ಅವನ ಜೀವ ಹೇಳುತ್ತಿತ್ತು. ಹೊರಗೆ ಊರು ಉರಿಯುವಾಗ ಒಳಗೆ ಎಲೆಯ ಅಂಚು ತಿದ್ದುತ್ತ ಕೂತವನನ್ನು ಹುಚ್ಚ ಎಂದರೆ ಎನ್ನಿ, ಬೇಡವೆನ್ನುವವರಿಲ್ಲ.

ಸುರಾಹಿ ಮುಗಿದ ದಿನ ಸಂಜೆ ಉಸ್ತಾದರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡರು. ಬೆರಳು ನಡೆಯಿತು. ಸುರಾಹಿ ಅರ್ಧ ತಿರುಗಿತ್ತಷ್ಟೆ, ಬಾಗಿಲಲ್ಲಿ ಯಾರೋ ಕೂಗಿದರು. ಹಿಂದೂಸ್ತಾನದ ಫೌಜು ಬರುತ್ತಿದೆ, ಔರಾದ ಕಡೆಯ ಹಳ್ಳಿಗಳಲ್ಲಿ ಗಲಾಟೆ ಎದ್ದಿದೆ. ಔರಾದಿನಲ್ಲಿ ಉಸ್ತಾದರ ಮಗಳು ಮರಿಯಮಬೀ ಇದ್ದಳು. ಅವರು ಸುರಾಹಿ ಕೆಳಗಿಟ್ಟು ಎದ್ದರು.

“ಮಗಳನ್ನ ಕರ್ಕೊಂಡು ಬರ್ತೀನಿ. ಇದು ಹಿಂಗೇ ಇರ್ಲಿ. ಬಂದು ನೋಡ್ತೀನಿ,” ಎಂದರು. ಬಂಡಿ ಹತ್ತಿ ಹೋದವರು ತಿರುಗಿ ಬರಲಿಲ್ಲ.

ಫೌಜು ಬಂತು, ನಿಜಾಮನ ಆಳ್ವಿಕೆ ಮುಗಿಯಿತು. ಮೊದಲು ಹಿಂದೂಗಳು ಅತ್ತಿದ್ದರು, ಆಮೇಲೆ ಮುಸಲ್ಮಾನರು. ದಾರಿ ತೆರೆದ ಮೇಲೆ ಧೊಂಡಿಬಾ ನಡೆದೇ ಔರಾದಿಗೆ ಹೋದ. ಮರಿಯಮಬೀ ಬದುಕಿದ್ದಳು.

“ಅಬ್ಬಾ ಇಲ್ಲಿಗಿ ಬಂದಿಲ್ಲಣ್ಣಾ. ಅವರು ಬೀದರದಾಗೇ ಇದ್ದಾರಂತ ನಾ ಜೀವ ಹಿಡ್ಕೊಂಡೀನಿ,” ಎಂದು ಅವನ ಮುಖವನ್ನೇ ನೋಡಿದಳು. ದಾರಿಯ ಹಳ್ಳಿಗಳಲ್ಲಿ ಕೇಳಿದರೆ ಎಲ್ಲರೂ ಕಂಡಿಲ್ಲ ಎನ್ನುವವರೇ. ಒಂದು ಬಾವಿಯ ಹತ್ತಿರ ಶಿವರಾಜಪ್ಪನೆಂಬ ಮುದುಕ ಮಾತ್ರ, “ಆ ವಾರದ ಸುದ್ದಿ ಯಾರಿಗೂ ಕೇಳಬ್ಯಾಡ ತಮ್ಮಾ, ಮನಿಗಿ ಹೋಗು,” ಎಂದು ಮುಖ ತಿರುಗಿಸಿದ. ಒಂದು ಬಂಡಿ, ಎರಡು ಎತ್ತು, ಅಷ್ಟುದ್ದ ಗಡ್ಡದ ಮನುಷ್ಯ. ಹಾಡಹಗಲೇ ಕಣ್ಮರೆಯಾದರೆ ಇಡೀ ಸೀಮೆಗೆ ಸೀಮೆಯೇ ಕಣ್ಣು ಮುಚ್ಚಿಕೊಂಡಿತ್ತೇನು!

ಧೊಂಡಿಬಾ ಬಂದು ಹೇಳಿದ್ದನ್ನು ಕೇಳಿ ಖತೀಜಾ ಬೇಗಂ ಅಳಲಿಲ್ಲ. “ಬರ್ತಾರ. ನಿನ್ನ ಕೆಲಸ ಅರ್ಧಾ ನೋಡ್ಯಾರಲ್ಲ? ಕೆಲಸ ಅರ್ಧಾ ಬಿಡೂ ಮನಿಷ್ಯಾ ಅಲ್ಲ ಅವರು,” ಎಂದು ಸುರಾಹಿಯ ಮೇಲೆ ತಾನು ತಲೆಗೆ ಹೊದೆಯುವ ಓಢಣಿಯ ತುಂಡೊಂದನ್ನು ಹೊದಿಸಿದಳು. ಯಾರೂ ಮುಟ್ಟಕೂಡದು, ಗೆರೆ ಮಸುಕಾಗಕೂಡದು. ಆ ಬಳ್ಳಿಯ ತೀರ್ಮಾನ ಆಗುವ ತನಕ ಗಂಡ ಇದ್ದಾನೆ ಎಂದೇ ಆಕೆಯ ಲೆಕ್ಕ.

ಹಣಮಂತಪ್ಪ ಮತ್ತೆ ಬಂದ, ಈ ಸಲ ಎದೆಯುಬ್ಬಿಸಿಕೊಂಡು. “ಇನ್ನೇನು ಅಂಜಿಕಿ ಇಲ್ಲ. ನಮ್ಮ ರಾಜ್ಯ ಬಂತು. ನಡಿ ಮನಿಗಿ.”

“ಅಮ್ಮ ಒಬ್ಬಾಕಿನೇ ಅದಾಳಪಾ. ಹ್ಯಾಂಗ ಬಿಟ್ಟು ಬರ್ಲಿ?”

“ಅಮ್ಮನಾ? ನಿನ್ನ ಹಡೆದಾಕಿ ಚಿಂಚೋಳ್ಯಾಗ ಅದಾಳ,” ಎಂದ ಹಣಮಂತಪ್ಪ. ಹೊಸ್ತಿಲಿಂದಲೇ ಹೊರಟುಹೋದ. ಮುಂದೆ ಆ ಕಡೆಯಿಂದ ಯಾರೂ ಬರಲಿಲ್ಲ. ಓಣಿಯಲ್ಲಿ ಹಿಂದೂಗಳು ಅವನನ್ನು ತುರುಕರ ಮನೆಯವನು ಎಂದರು, ಮುಸಲ್ಮಾನರು ಅವನನ್ನು ಕಂಡರೆ ಮಾತು ನಿಲ್ಲಿಸಿದರು. ಯಾವ ಕಟ್ಟೆಯ ಮೇಲೂ ಅವನಿಗೆ ಕೂರಲು ಜಾಗವಿರಲಿಲ್ಲ.

ಅವನು ಕಾರಖಾನೆಯೊಳಗೆ ಸೇರಿಕೊಂಡ. ಎರಕ ಕೆಟ್ಟು ಮೂಲೆಗೆ ಬಿದ್ದಿದ್ದ ಒಂದು ಹೂಜಿಯ ಮೇಲೆ ಅದೇ ಬಳ್ಳಿಯನ್ನು ಬರೆದ. ಅಳಿಸುವ ಕೈ ಇಲ್ಲದ್ದರಿಂದ ಅದರ ಮೇಲೇ ತಿದ್ದಿದ, ಜಾಗ ಸಾಲದೆ ತಟ್ಟೆಗೆ ಹೋದ, ತಟ್ಟೆಯಿಂದ ತಗಡಿಗೆ ಹೋದ. ಬಳ್ಳಿ ಎಲ್ಲಿ ತಿರುಗಬೇಕು, ಎಲ್ಲಿ ಉಸಿರು ಬಿಡಬೇಕು ಎಂದು ಕೈಗೆ ತಿಳಿಯತೊಡಗಿತು. ಹೀಗೆ ಚಳಿಗಾಲ ಕಳೆಯುವಾಗ ಒಂದು ಮಧ್ಯಾಹ್ನ ಓಢಣಿ ಸರಿಸಿ ಸುರಾಹಿಯನ್ನು ತೊಡೆಯ ಮೇಲಿಟ್ಟುಕೊಂಡ. ಉಸ್ತಾದರು ನೋಡಿದ್ದ ಅರ್ಧ ಚೆನ್ನಾಗಿಯೇ ಇತ್ತು. ಅವರು ನೋಡದೆ ಬಿಟ್ಟ ಹಿಂಬದಿಯಲ್ಲಿ, ಸುತ್ತಿ ಬಂದ ಬಳ್ಳಿ ತನ್ನ ಬುಡಕ್ಕೆ ಕೂಡುವಲ್ಲಿ, ಒಂದು ದೊಡ್ಡ ಎಲೆ ಇತ್ತು. ಬಳ್ಳಿ ಅಲ್ಲಿ ಕೂಡಿರಲೇ ಇಲ್ಲ. ಕೂಡದ್ದನ್ನು ಎಲೆ ಮುಚ್ಚಿತ್ತು. ಉಸ್ತಾದರು ಇನ್ನು ಅರ್ಧ ತಿರುಗಿಸಿದ್ದರೆ ಬಟ್ಟೆಗೆ ಕೈ ಹಾಕುತ್ತಿದ್ದರು, ಸಂಶಯವೇ ಇಲ್ಲ.

ಮರುದಿನ ಅಯ್ಯುಬ ಉಳಿಯ ಗಂಟು ಹಿಡಿದು ಬಂದ. ಹೈದರಾಬಾದಿಗೆ ಹೊರಟಿದ್ದ. ಮೊದಲಿನ ನಗೆ ಮುಖದಲ್ಲಿರಲಿಲ್ಲ. “ಹೋಗೂಕಿಂತ ಮೊದ್ಲು ಅದೊಂದು ಕೊರ್ದು ಹೋಗ್ತೀನಿ ಕೊಡು. ಗೀರು ಹೆಂಗೂ ಮಾಸಿ ಹೋಗ್ತದ. ಬೆಳ್ಳಿ ಕುಂತ್ರ ಉಸ್ತಾದರ ನಿಶಾನಿ ಆಗಿ ಉಳೀತದ. ಅವರು ಒಪ್ಪಿದ್ರಂತ ನಾನೇ ಹೇಳ್ತೀನಿ ಎಲ್ಲರಿಗೂ.”

ಎಷ್ಟೋ ವರ್ಷ ಬಾಯಿಬಿಟ್ಟು ಕಾದದ್ದು ಇದೇ ಮಾತಿಗೆ. ಹೂಂ ಅಂದಿದ್ದರೆ ಸಾಕಿತ್ತು. ಆದರೆ ಆ ಕಳ್ಳ ಎಲೆ ಉಸ್ತಾದರ ಹೆಸರಿನಲ್ಲಿ ಬೆಳ್ಳಿಯಾಗಿ ಹೊಳೆಯುವುದು ಧೊಂಡಿಬಾನಿಗೆ ಬೇಡವಾಗಿತ್ತು. ಅವನು ಬಟ್ಟೆಯನ್ನು ಮೈಲುತುತ್ತದ ನೀರಿನಲ್ಲಿ ಅದ್ದಿದ. ಅಯ್ಯುಬ “ಏ, ಏ” ಎನ್ನುವಷ್ಟರಲ್ಲಿ ಸುರಾಹಿಯ ಮೈ ಪೂರ್ತಿ ಕಪ್ಪಾಗಿತ್ತು.

ಒಳಬಾಗಿಲಲ್ಲಿ ಖತೀಜಾ ಬೇಗಂ ನಿಂತಿದ್ದಳು. “ಯಾಕ ಅಳಸ್ದಿ?”

“ತಪ್ಪಿತ್ತಮ್ಮಾ. ಹಿಂದ್ಗಡಿ ಕೂಡಿರ್ಲಿಲ್ಲ. ಉಸ್ತಾದರು ಇದ್ದಿದ್ರೂ ಅಳಸ್ತಿದ್ರು.”

ಬಾಯಿಂದ ಮಾತು ಹೊರಬಿದ್ದ ಮೇಲೆ ತಾನೇನಂದೆ ಎಂದು ಅವನಿಗೆ ಅರಿವಾಯಿತು: ‘ಇದ್ದಿದ್ರೂ’ ಅಂದರೆ ಉಸ್ತಾದರು ಇನ್ನಿಲ್ಲ ಎಂದೇ. ಆಕೆ ನೆಲದ ಮೇಲೆ ಬಿದ್ದಿದ್ದ ಓಢಣಿಯ ತುಂಡನ್ನು ಎತ್ತಿ ಮಡಿಚಿದಳು.

“ಮರಿಯಮಗ ಬಾ ಅಂತ ಹೇಳಿ ಕಳಸು. ಇವತ್ತಿಂದ ನಾ ಇದ್ದತ್ ಕೂಡ್ತೀನಿ.”

ಗಂಡ ಸತ್ತವಳು ಮನೆಯೊಳಗೇ ಕೂತು ದುಃಖದ ದಿನ ಕಳೆಯುವುದು ಅವರಲ್ಲಿ ಇದ್ದತ್. ಆ ದಿನಗಳಲ್ಲಿ ಪರ ಗಂಡಸರಿಗೆ ಆಕೆ ಮುಖ ತೋರಿಸುವಂತಿಲ್ಲ. ಧೊಂಡಿಬಾ ಆ ಮನೆಯ ಅನ್ನ ತಿಂದು ದೊಡ್ಡವನಾದವನು. ತಾನು ಪರ ಗಂಡಸು ಎಂಬುದು ಆ ಗಳಿಗೆಯವರೆಗೆ ಅವನಿಗೆ ಹೊಳೆದೇ ಇರಲಿಲ್ಲ.

“ಅಮ್ಮಾ, ನಾನೂನಾ?” ಎಂದ.

ಖತೀಜಾ ಬೇಗಂ ಅವನ ತಲೆಯ ಮೇಲೆ ಕೈಯಿಟ್ಟಳು. “ನೀನೂ ಬೇಟಾ,” ಎಂದು ಒಳಗೆ ಹೋಗಿ ಪರದೆ ಎಳೆದುಕೊಂಡಳು.